ಚಕ್ರ ನೆಲಕ್ಕೆ ತಾಗಿದ ಕೂಡಲೇ ಎದ್ದು ನಿಲ್ಲುವವರು: ವಿಮಾನದಲ್ಲಿ ನಿಮಗೆ ಅತಿ ಕಿರಿಕಿರಿ ಅನಿಸಿದ್ದು ಯಾವುದು?

ಹನ್ನೆರಡು ಎಫ್

ನಿನ್ನೆ ರಾತ್ರಿ ದೆಹಲಿಯಿಂದ ಬೆಂಗಳೂರಿಗೆ ಬಂದೆ. ಚಕ್ರ ನೆಲಕ್ಕೆ ತಾಗಿ ಅರ್ಧ ನಿಮಿಷವೂ ಆಗಿರಲಿಲ್ಲ, ಹಿಂದಿನಿಂದ ಟಕ್, ಟಕ್, ಟಕ್ ಅಂತ ಬೆಲ್ಟ್ ಬಿಚ್ಚುವ ಸದ್ದು. ಇನ್ನೂ ರನ್‌ವೇ ಮೇಲೇ ಓಡುತ್ತಿದ್ದೇವೆ! ಗಗನಸಖಿ ಮೈಕ್‌ನಲ್ಲಿ "ದಯವಿಟ್ಟು ಕುಳಿತಿರಿ" ಅಂತ ಮೂರು ಸಲ ಹೇಳಿದರು. ಮೂರನೇ ಸಲ ಆ ದನಿಯಲ್ಲಿ ದಯೆ ಇರಲಿಲ್ಲ.

ನನ್ನ ಸಾಲಿನ ಅಂಚಿನ ಸೀಟಿನವರು ಎದ್ದು ಮೇಲಿನ ಬಿನ್ ತೆರೆದೇಬಿಟ್ಟರು. ಅವರ ಲ್ಯಾಪ್‌ಟಾಪ್ ಚೀಲದ ಪಟ್ಟಿ ಜಾರಿ ನನ್ನ ಕನ್ನಡಕದ ಮೇಲೆ ಬಿತ್ತು. "ಸಾರಿ ಸಾರಿ" ಅಂದರು, ಪಟ್ಟಿ ಎತ್ತಲಿಲ್ಲ. ಆಮೇಲೆ ಹದಿನೈದು ನಿಮಿಷ ಅಟ್ಟದಲ್ಲಿ ಜಂತಿ ತಲೆಗೆ ತಾಗುತ್ತೆ ಅಂತ ಬಗ್ಗಿ ನಿಂತ ಹಾಗೆ ಎಲ್ಲರೂ ನಿಂತರು. ಬಾಗಿಲು ತೆರೆಯಲಿಲ್ಲ. ಕೊನೆಗೆ ಬ್ಯಾಗ್ ಬರುವ ಬೆಲ್ಟ್ ಹತ್ತಿರ ಹೋದರೆ ಅದೇ ಮಹಾನುಭಾವರು ನನ್ನ ಪಕ್ಕದಲ್ಲೇ ನಿಂತಿದ್ದರು. ಇಬ್ಬರ ಬ್ಯಾಗೂ ಒಟ್ಟಿಗೇ ಬಂತು.

ಇಷ್ಟು ಅವಸರ ಮಾಡಿ ಅವರು ಗಳಿಸಿದ್ದೇನು ಅಂತ ರಾತ್ರಿಯೆಲ್ಲ ಯೋಚಿಸಿದೆ. ನಿಮ್ಮ ಅನುಭವ ಹೇಳಿ, ನನಗೂ ಸ್ವಲ್ಪ ಸಮಾಧಾನ ಆಗಲಿ.

ಟವೆಲ್ ಹಾಕಿದವನು

ಸಾರ್, ಈ ರೋಗಕ್ಕೆ ಮೂಲ ಮೆಜೆಸ್ಟಿಕ್‌ನಲ್ಲಿದೆ. ಹಬ್ಬದ ಹಿಂದಿನ ರಾತ್ರಿ ಊರಿನ ಬಸ್ಸು ಪ್ಲಾಟ್‌ಫಾರ್ಮಿಗೆ ಬರುವ ಮೊದಲೇ ಓಡಿಹೋಗಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರು ನಾವು. ನಾನು ಒಂದು ಸಲ ಟವೆಲ್ ಸಿಗದೆ ಚಪ್ಪಲಿ ಹಾಕಿದ್ದೆ. ಅಲ್ಲಿ ಹಿಂದೆ ನಿಂತವನು ಚಿತ್ರದುರ್ಗದ ತನಕ ನಿಂತೇ ಹೋಗಬೇಕಿತ್ತು. ಇಪ್ಪತ್ತು ವರ್ಷ ಹಾಗೆ ಬದುಕಿದ ಕಾಲಿಗೆ, ಬೋರ್ಡಿಂಗ್ ಪಾಸ್ ಮೇಲೆ ಸೀಟ್ ನಂಬರ್ ಅಚ್ಚಾಗಿದೆ ಅಂತ ಹೇಳಿದರೆ ಅರ್ಥ ಆಗಲ್ಲ.

ನನಗೆ ಮಜಾ ಅನಿಸೋದು ಗೇಟಿನಿಂದ ವಿಮಾನಕ್ಕೆ ಕರೆದೊಯ್ಯುವ ಬಸ್ಸು. ಎಲ್ಲರನ್ನೂ ತಳ್ಳಿಕೊಂಡು ಮೊದಲು ಹತ್ತಿದವರು ಆ ಬದಿಯ ಬಾಗಿಲಿಗೆ ಒರಗಿ ನಿಲ್ಲುತ್ತಾರೆ. ಬಸ್ಸು ಹೊರಡೋದು ಕೊನೆಯವನು ಹತ್ತಿದ ಮೇಲೇ. ವಿಮಾನದ ಹತ್ತಿರ ತೆರೆಯೋದು ಈ ಬದಿಯ ಬಾಗಿಲು. ಕೊನೆಗೆ ಹತ್ತಿದವನೇ ಮೊದಲು ಇಳಿಯುತ್ತಾನೆ. ನಾನು ಈಗ ಯಾವಾಗಲೂ ಕೊನೆಯವನು.

ಹುಬ್ಬಳ್ಳಿ ಮಂದಿ

ಬಸ್ಸಿನ ಕತೆ ಕೇಳಿ ನಮ್ಮ ಎಟಿಆರ್ ನೆನಪಾಯ್ತು ನೋಡ್ರಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಬರುವ ಪಂಖದ ಸಣ್ಣ ವಿಮಾನ. ಎಪ್ಪತ್ತು ಚಿಲ್ಲರೆ ಸೀಟು. ಅದರಲ್ಲಿ ಜನ ಹತ್ತುವ ಬಾಗಿಲು ಇರೋದು ಹಿಂದೆ, ಸಾಮಾನಿನ ಬಾಗಿಲು ಮುಂದೆ. ಒಬ್ಬ ಸಾಹೇಬರು "ಮೊದಲು ಇಳಿಯಬೇಕು, ಮೀಟಿಂಗ್ ಐತಿ" ಅಂತ ಹೆಚ್ಚು ದುಡ್ಡು ಕೊಟ್ಟು ಮೊದಲ ಸಾಲು ತಗೊಂಡಿದ್ದರು. ಇಳಿದ ಕೂಡಲೇ ಎದ್ದು ಮುಂದಿನ ಗೋಡೆಗೆ ಮುಖ ಮಾಡಿ ನಿಂತರು. ಬಾಗಿಲು ಹಿಂದೆ ತೆರೆಯಿತು. ಇಡೀ ವಿಮಾನ ಇಳಿದ ಮೇಲೆ ಅವರದು ಪಾಳಿ. ಯಾರೂ ನಗಲಿಲ್ಲ, ಆದರೆ ಎಲ್ಲರೂ ಒಮ್ಮೆ ತಿರುಗಿ ನೋಡಿದರು.

ಇನ್ನೊಂದು. ದೊಡ್ಡ ವಿಮಾನದಲ್ಲಿ ಹಿಡಿಸುವ ಚಕ್ರದ ಪೆಟ್ಟಿಗೆ ಎಟಿಆರ್ ಬಿನ್‌ನಲ್ಲಿ ಹಿಡಿಸಲ್ಲ. ಏಣಿ ಹತ್ತಿರವೇ ತೆಗೆದುಕೊಂಡು ಕೆಳಗೆ ಹಾಕುತ್ತಾರೆ. ಅದಕ್ಕೆ ಅಲ್ಲಿ ನಿಂತು ಜಗಳ. "ಮುಂಬೈನಿಂದ ಇದನ್ನೇ ತಂದೀನಿ!" ತಂದೀರಿ ಸರಿ, ಆ ವಿಮಾನ ಬೇರೆ ಅಲ್ಲೇನ್ರಿ?

ಟ್ರಾಲಿ ತಳ್ಳುವವಳು

ನಾನು ಆರು ವರ್ಷದಿಂದ ಕ್ಯಾಬಿನ್ ಸಿಬ್ಬಂದಿ. ಯಾವ ಸಂಸ್ಥೆ ಅಂತ ಕೇಳಬೇಡಿ. ಕನ್ನಡದವಳು ಅಂತ ಗೊತ್ತಾದರೆ ಕೆಲವರು ಖುಷಿಯಿಂದ ಮಾತಾಡುತ್ತಾರೆ, ಕೆಲವರು ಇನ್ನೊಂದು ಜ್ಯೂಸ್ ಪುಕ್ಕಟೆ ಕೇಳುತ್ತಾರೆ.

@ಹನ್ನೆರಡು ಎಫ್, ಎದ್ದು ನಿಲ್ಲಬೇಡಿ ಅನ್ನೋದು ಶಿಸ್ತಿನ ಪಾಠ ಅಲ್ಲ. ನೆಲದ ಮೇಲೆ ಓಡುವಾಗ ಪೈಲಟ್ ಇದ್ದಕ್ಕಿದ್ದ ಹಾಗೆ ಬ್ರೇಕ್ ಹಾಕಬೇಕಾಗುತ್ತದೆ. ಮುಂದೆ ಇನ್ನೊಂದು ವಿಮಾನ ಇರಬಹುದು, ವಾಹನ ಇರಬಹುದು. ಬಿನ್ ತೆರೆದಿದ್ದರೆ ಏಳು ಕೆ.ಜಿ. ಪೆಟ್ಟಿಗೆ ಯಾರದೋ ತಲೆ ಮೇಲೆ. ಬೀಳೋದು ತೆರೆದವರ ತಲೆ ಮೇಲಲ್ಲ, ಸುಮ್ಮನೆ ಕೂತವರ ತಲೆ ಮೇಲೆ.

ಕಿಟಕಿಯ ಪರದೆ ಎತ್ತಿ ಅಂದರೂ ಮುಖ ಸಿಂಡರಿಸುತ್ತಾರೆ. ಹತ್ತುವಾಗ, ಇಳಿಯುವಾಗ ಏನಾದರೂ ಆದರೆ ಹೊರಗೆ ಯಾವ ಬದಿ ಬೆಂಕಿ ಇದೆ ಅಂತ ನಮಗೆ ಕಾಣಬೇಕು. ಆಗ ಯಾವ ಬಾಗಿಲು ತೆರೆಯಬೇಕು ಅಂತ ತಿಳಿಯುತ್ತದೆ. ರಾತ್ರಿ ದೀಪ ಮಂದ ಮಾಡೋದೂ ಅದಕ್ಕೇ, ನಿಮ್ಮ ಕಣ್ಣು ಹೊರಗಿನ ಕತ್ತಲೆಗೆ ಮೊದಲೇ ಹೊಂದಿಕೊಂಡಿರಲಿ ಅಂತ. ನಿದ್ದೆ ಮಾಡಿಸೋಕೆ ಅಂದುಕೊಂಡವರೇ ಜಾಸ್ತಿ.

ನನಗೆ ಕಿರಿಕಿರಿ ಅಂದರೆ ಚಿಟಿಕೆ ಹೊಡೆದು ಕರೆಯೋದು. ಬೆಲ್ ಇದೆ, ಬಾಯಿ ಇದೆ. ಚಿಟಿಕೆ ಯಾಕೆ? ಇನ್ನೊಂದು, ಮಗುವಿನ ಡೈಪರನ್ನು ನಾನು ಊಟ ಕೊಡುತ್ತಿರುವಾಗ ಟ್ರಾಲಿ ಮೇಲೆ ಇಟ್ಟುಬಿಡೋದು. ಒಬ್ಬರು ಅದನ್ನು ಉಪ್ಪಿಟ್ಟಿನ ಡಬ್ಬಗಳ ಪಕ್ಕದಲ್ಲಿಟ್ಟರು. ನಾನು ಆ ದಿನ ಇಡೀ ಟ್ರಾಲಿ ವಾಪಸ್ ಒಯ್ದು ಒರೆಸಿದೆ. ಹಿಂದಿನ ಸಾಲಿನವರು "ಸರ್ವಿಸ್ ಲೇಟು" ಅಂತ ದೂರು ಬರೆದರು.

ಬಜ್ಪೆ ಟು ದಮಾಮ್

ಎಲ್ಲರೂ ಬೆಂಗಳೂರು-ದೆಹಲಿ ಅಂತೀರಿ. ನಮ್ಮ ಮಂಗಳೂರು-ಗಲ್ಫ್ ವಿಮಾನದಲ್ಲಿ ಒಮ್ಮೆ ಬನ್ನಿ ಮಾರಾಯ್ರೆ. ಹೋಗುವಾಗ ಕುಚ್ಚಲಕ್ಕಿ, ಒಣಮೀನು, ಹಪ್ಪಳ, ಮೇ ತಿಂಗಳಾದರೆ ಹಲಸಿನಹಣ್ಣಿನ ತೊಳೆ. ಎಷ್ಟು ಸುತ್ತಿದರೂ ಹಲಸು ತಾನು ಇದ್ದೇನೆ ಅಂತ ಹೇಳಿಯೇ ಹೇಳುತ್ತದೆ. ಬರುವಾಗ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು, ಮೇಲೆ ಮಾರ್ಕರ್‌ನಲ್ಲಿ ಹೆಸರು ಮತ್ತು ಊರು.

ಇದನ್ನು ನೋಡಿ ಕೆಲವರು ಮೂಗು ಮುರಿಯುತ್ತಾರೆ. ನನಗೆ ಅದೇ ಕಿರಿಕಿರಿ. ಎರಡು ವರ್ಷಕ್ಕೊಮ್ಮೆ ಮನೆಗೆ ಬರುವವನು ಮಕ್ಕಳಿಗೆ ಕಂಬಳಿ, ಚಾಕೊಲೇಟು, ಹಾಲಿನ ಪುಡಿ ತರುತ್ತಾನೆ. ತರಲಿ. ಅವನು ಇಡೀ ದಾರಿ ಬಾಯಿ ಬಿಡೋದಿಲ್ಲ, ಇಳಿಯುವಾಗ ಕಿಟಕಿಯಿಂದ ಗುಡ್ಡ ನೋಡುತ್ತಾನೆ. ಗಲಾಟೆ ಮಾಡೋದು ಡ್ಯೂಟಿ ಫ್ರೀ ಚೀಲ ಹಿಡಿದು ಬಂದವರು. ಅಲ್ಲೇ ತೆರೆದು ಕುಡಿಯೋಕೆ ಶುರು. ಹೊರಗಿನಿಂದ ತಂದ ಮದ್ಯ ವಿಮಾನದಲ್ಲಿ ಕುಡಿಯೋ ಹಾಗಿಲ್ಲ ಅಂತ ಅವರಿಗೆ ಗೊತ್ತಿಲ್ಲ ಅಂತಲಾ? ಚೆನ್ನಾಗಿ ಗೊತ್ತು.

ಹನ್ನೆರಡು ಎಫ್

ಒಪ್ಪಿದೆ. ನನಗೆ ಬ್ಯಾಗ್ ಬಡಿದವರೂ ಹೊಸಬರಲ್ಲ. ಬ್ಯಾಗಿನ ಮೇಲೆ ಪದೇ ಪದೇ ಹಾರುವವರಿಗೆ ಕೊಡುವ ಬಂಗಾರ ಬಣ್ಣದ ಟ್ಯಾಗ್ ನೇತಾಡುತ್ತಿತ್ತು.

ಕೌಂಟರ್ ಆಚೆಯವಳು

ನಾನು ಚೆಕ್-ಇನ್ ಕೌಂಟರ್‌ನಲ್ಲಿ ಇದ್ದವಳು, ಈಗ ಬಿಟ್ಟಿದ್ದೇನೆ. ಹಾಗಾಗಿ ಧೈರ್ಯವಾಗಿ ಬರೆಯುತ್ತೇನೆ.

ಬೆಳಗ್ಗೆ ನಾಲ್ಕು ಗಂಟೆ. ಒಂದು ಕುಟುಂಬ ಅಮೆರಿಕಕ್ಕೆ ಹೊರಟಿದೆ. ಪೆಟ್ಟಿಗೆ ತಕ್ಕಡಿ ಮೇಲೆ ಇಟ್ಟರೆ 25.6 ಕೆ.ಜಿ. ಇರಬೇಕಾದ್ದು 23. ಅಲ್ಲೇ ಸಾಲಿನ ಮಧ್ಯದಲ್ಲಿ ನೆಲಕ್ಕೆ ಕೂತು ಪೆಟ್ಟಿಗೆ ಬಿಚ್ಚುತ್ತಾರೆ. ಸೀರೆಗಳ ನಡುವೆ ಸ್ಟೀಲ್ ಡಬ್ಬ, ಡಬ್ಬದೊಳಗೆ ಸಾರಿನ ಪುಡಿ. ಯಜಮಾನರು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಳ್ಳುತ್ತಾರೆ. ಅಮ್ಮ ಸಾರಿನ ಪುಡಿ ತೆಗೆದು ಕೈಚೀಲಕ್ಕೆ ಹಾಕುತ್ತಾರೆ. ನಾನು ಆಚೆಯಿಂದ "ಅಮ್ಮಾ, ಅದು ಬೇಡ, ಬೇರೆ ಏನಾದರೂ ತೆಗೀರಿ" ಅಂತೀನಿ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿ.ಲೀ. ಮೀರಿದ ಪುಡಿ ಕೈಚೀಲದಲ್ಲಿದ್ದರೆ ಪ್ರತ್ಯೇಕ ತಪಾಸಣೆ. 2018ರಿಂದ ಇದೆ. ತಪಾಸಣೆಯವರಿಗೆ ಅದು ಯಾವ ಪುಡಿ ಅಂತ ತೀರ್ಮಾನ ಮಾಡಲಾಗದಿದ್ದರೆ ಬಿಟ್ಟೇ ಹೋಗಬೇಕು. ಮೂರು ದಿನ ಹುರಿದು ಕುಟ್ಟಿದ ಪುಡಿ!

ಹಿಂದಿನವರು ಉಸ್ ಉಸ್ ಅಂತ ನಿಟ್ಟುಸಿರು ಬಿಡುತ್ತಾರೆ. ಅವರ ಸಿಟ್ಟೂ ಸರಿಯೇ. ಮನೆಯಲ್ಲಿ ಸ್ನಾನದ ಮನೆ ತಕ್ಕಡಿ ಮೇಲೆ ಪೆಟ್ಟಿಗೆ ಹಿಡಿದು ನಿಂತು, ನಿಮ್ಮ ತೂಕ ಕಳೆದರೆ ಸಾಕಿತ್ತಲ್ವಾ?

ಒಣ ಕೊಬ್ಬರಿ ಇನ್ನೊಂದು. ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕೋ ಹಾಗಿಲ್ಲ ಅಂತ 2022ರಲ್ಲೇ ಬಂದಿದೆ. "ಕೊಬ್ಬರಿ ಏನು ಬಾಂಬಾ?" ಅಂತ ಕೇಳದವರಿಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ಬಿಸಿ ಹಿಡಿದರೆ ಹೊತ್ತಿಕೊಳ್ಳಬಹುದು. ಕೌಂಟರ್‌ನಲ್ಲಿ ನಿಂತು "ಬಾಂಬ್" ಅನ್ನೋ ಪದ ತಮಾಷೆಗೂ ಬಳಸಬೇಡಿ, ದಮ್ಮಯ್ಯ. ಆಮೇಲೆ ಕೊಬ್ಬರಿಯೂ ಹೋಗಲ್ಲ, ನೀವೂ ಹೋಗಲ್ಲ.

ಸುಮ್ನೆ ಓದುವವನು

ಹಾಗಾದರೆ ಅಯ್ಯಪ್ಪ ಸ್ವಾಮಿಗಳ ಇರುಮುಡಿ? ಅದರಲ್ಲಿ ತುಪ್ಪ ತುಂಬಿದ ತೆಂಗಿನಕಾಯಿ ಇರುತ್ತಲ್ಲ.

ಕೌಂಟರ್ ಆಚೆಯವಳು

ಅದಕ್ಕೆ ಬೇರೆಯೇ ವಿನಾಯಿತಿ ಕೊಟ್ಟಿದ್ದರು. 2024ರ ಅಕ್ಟೋಬರ್‌ನಲ್ಲಿ ಹೇಳಿ, 2025ರ ಜನವರಿ 20ರ ತನಕ ಕೈಚೀಲದಲ್ಲಿ ಒಯ್ಯಲು ಬಿಟ್ಟರು, ತಪಾಸಣೆ ಮಾಡಿ. ಪ್ರತಿ ವರ್ಷ ಹೊರಡುವ ಮೊದಲು ಕೇಳಿಕೊಳ್ಳೋದು ಒಳ್ಳೆಯದು. ಸ್ವಾಮಿಗಳಿಂದ ನನಗೆ ಒಂದು ದಿನವೂ ತೊಂದರೆ ಆಗಿಲ್ಲ. ಸಾಲಿನಲ್ಲಿ ನಿಲ್ಲೋದು ಅವರಿಗೆ ಅಭ್ಯಾಸ.

ತೊಂದರೆ ಪವರ್ ಬ್ಯಾಂಕ್‌ನವರದು. ಚೆಕ್-ಇನ್ ಪೆಟ್ಟಿಗೆಯಲ್ಲಿ ಇಟ್ಟಿಲ್ಲ ಅಂತ ಪ್ರಮಾಣ ಮಾಡುತ್ತಾರೆ. ಎಕ್ಸ್-ರೇಯಲ್ಲಿ ಕಾಣುತ್ತದೆ. ಹೆಸರು ಕೂಗಿ ಕರೆಸಬೇಕು, ಅವರು ಆ ಹೊತ್ತಿಗೆ ಎಲ್ಲೋ ದೋಸೆ ತಿನ್ನುತ್ತಿರುತ್ತಾರೆ. ಕೈಚೀಲದಲ್ಲಿ 100 ವ್ಯಾಟ್-ಅವರ್ ತನಕ ಒಯ್ಯಬಹುದು. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್ ಅಷ್ಟೇ. ಹಾಗಾಗಿ ಬಚ್ಚಿಡುವ ಕಾರಣವೇ ಇಲ್ಲ. ಎಮಿರೇಟ್ಸ್‌ನವರು 2025ರ ಅಕ್ಟೋಬರ್ 1ರಿಂದ ವಿಮಾನದೊಳಗೆ ಅದನ್ನು ಬಳಸೋದನ್ನೂ ನಿಲ್ಲಿಸಿದ್ದಾರೆ.

ಕಿಟಕಿ ಬಿಡಲ್ಲ

ನನ್ನ ಪ್ರಶ್ನೆ ಬೇರೆ. ದುಡ್ಡು ಕೊಟ್ಟು ಕಿಟಕಿ ಸೀಟು ತಗೊಂಡಿದ್ದೆ. ಹೋಗಿ ನೋಡಿದರೆ ಒಬ್ಬರು ಕೂತಾಗಿದೆ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ, ನಾವು ಗಂಡ ಹೆಂಡ್ತಿ ಒಟ್ಟಿಗೆ ಕೂರಬೇಕು." ಅವರು ನನಗೆ ಕೊಡುತ್ತಿದ್ದದ್ದು 29ನೇ ಸಾಲಿನ ನಡುವಿನ ಸೀಟು, ಶೌಚಾಲಯದ ಹತ್ತಿರ. ಒಂದು ಗಂಟೆಯ ಹಾರಾಟ. ಮದುವೆ ಆಗಿ ಇಪ್ಪತ್ತು ವರ್ಷವಾದರೂ ಆಗಿರಬೇಕು ಅವರಿಗೆ. ನಾನು ಆಗಲ್ಲ ಅಂದೆ. ದಾರಿಯುದ್ದಕ್ಕೂ ನನ್ನ ಮೇಲೆ ಅತ್ತೆ ಮುನಿಸಿಕೊಂಡ ಹಾಗೆ ಕೂತಿದ್ದರು. ನಾನು ಮಾಡಿದ್ದು ತಪ್ಪಾ?

ಟವೆಲ್ ಹಾಕಿದವನು

ತಪ್ಪಲ್ಲ. ಆದರೆ ಬಸ್ಸಿನಲ್ಲಿ ಬಿಟ್ಟುಕೊಡುತ್ತಿದ್ದಿರಿ ಅಲ್ವಾ?

ಕಿಟಕಿ ಬಿಡಲ್ಲ

ಬಸ್ಸಿನಲ್ಲಿ ಅವರು ಕೂತಾದ ಮೇಲೆ ಕೇಳಲ್ಲ. ಮೊದಲು ಕೇಳುತ್ತಾರೆ.

ಹುಬ್ಬಳ್ಳಿ ಮಂದಿ

ಇದು ಮಾತು. ತಾಯಿ ಒಂದು ಕಡೆ, ಐದು ವರ್ಷದ ಕೂಸು ಒಂದು ಕಡೆ ಬಿದ್ದಿದ್ದರೆ ನಾನು ಎದ್ದು ಕೊಡತೀನಿ, ಕೇಳೋದೂ ಬ್ಯಾಡ. ಬಾಕಿಯವರು ಕೊಡೋದಿದ್ದರೆ ಅಂಥದೇ ಸೀಟು ಕೊಡಲಿ. ಕಿಟಕಿಗೆ ಕಿಟಕಿ.

ಕಿವಿ ಡಾಕ್ಟರು

ಕೂಸಿನ ಮಾತು ಬಂದದ್ದಕ್ಕೆ ಒಂದು ಮಾತು. ಮಗು ಅತ್ತರೆ ತಾಯಿಯನ್ನು ದುರುಗುಟ್ಟಿ ನೋಡಬೇಡಿ. ವಿಮಾನ ಕೆಳಗಿಳಿಯುವಾಗ ಒಳಗಿನ ಗಾಳಿಯ ಒತ್ತಡ ಏರುತ್ತದೆ. ಕಿವಿಯ ನಡುಭಾಗದಿಂದ ಮೂಗಿನ ಹಿಂದಕ್ಕೆ ಒಂದು ಸಣ್ಣ ಕೊಳವೆ ಇದೆ, ಯುಸ್ಟೇಶಿಯನ್ ಟ್ಯೂಬ್ ಅಂತ. ನಾವು ಆಕಳಿಸುತ್ತೇವೆ, ಉಗುಳು ನುಂಗುತ್ತೇವೆ, ಕೊಳವೆ ತೆರೆದು ಸರಿಹೋಗುತ್ತದೆ. ಮಗುವಿನ ಕೊಳವೆ ಸಣ್ಣದು, ಹೆಚ್ಚು ಅಡ್ಡಕ್ಕೆ ಇರುತ್ತದೆ. ಅದಕ್ಕೆ ನೋವು, ಯಾಕೆ ಅಂತ ಗೊತ್ತಿಲ್ಲ, ಅಳುತ್ತದೆ. ಇಳಿಯಲು ಶುರುವಾದಾಗ ಹಾಲು ಕುಡಿಸಿ, ನಿದ್ದೆಯಲ್ಲಿದ್ದರೆ ಎಬ್ಬಿಸಿ ಕುಡಿಸಿ.

ಅಳುವ ಮಗು ನನಗೆ ಸರಿ. ಜೋರು ಸದ್ದಿನಲ್ಲಿ ರೀಲ್ಸ್ ನೋಡುವ ಐವತ್ತು ವರ್ಷದ ಮಗು ಸರಿ ಅಲ್ಲ. ಬೆಂಗಳೂರಿನ ಟರ್ಮಿನಲ್ 2ರಲ್ಲಿ ಅಷ್ಟು ಚಂದ ಬಿದಿರು ಹೊದಿಸಿ, ಮೇಲಿನಿಂದ ತೋಟ ಇಳಿಬಿಟ್ಟಿದ್ದಾರೆ. ಅದರ ಕೆಳಗೆ ಕೂತು ಒಬ್ಬರು ಸ್ಪೀಕರ್ ಹಾಕಿ ಸೈಟು ವ್ಯಾಪಾರ ಮಾಡುತ್ತಿದ್ದರು. ಚದರಡಿಗೆ ಎಷ್ಟು, ಖಾತೆಯಲ್ಲಿ ಏನು ತಕರಾರು, ಅಣ್ಣ ಯಾಕೆ ಸಹಿ ಹಾಕುತ್ತಿಲ್ಲ ಎಲ್ಲ ನನಗೆ ಗೊತ್ತಾಯಿತು. ಅಣ್ಣನದೇ ಸರಿ ಅಂತ ನನ್ನ ಅಭಿಪ್ರಾಯ.

ಅಮ್ಮನ ಮಗಳು, ನ್ಯೂಜೆರ್ಸಿ

ಬೈಸಿಕೊಳ್ಳೋಕೆ ಬಂದಿದ್ದೇನೆ. ಬೈದರೂ ಪರವಾಗಿಲ್ಲ.

ನನ್ನ ಬಾಣಂತನಕ್ಕೆ ಅಮ್ಮ ಬಂದರು. ವಯಸ್ಸು 61. ಊರಿನಲ್ಲಿ ದಿನಾ ಎರಡು ಮೈಲಿ ನಡೆದು ದೇವಸ್ಥಾನಕ್ಕೆ ಹೋಗಿಬರುತ್ತಾರೆ. ಆದರೂ ನಾನು ಗಾಲಿಕುರ್ಚಿ ಬುಕ್ ಮಾಡಿದೆ. ಯಾಕೆ ಅಂದರೆ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಬೇಕು, ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ಇಲ್ಲಿ ನಮ್ಮ ಕನ್ನಡದವರು ಎಲ್ಲರೂ ಹೀಗೇ ಮಾಡುತ್ತಾರೆ. "ಕುರ್ಚಿ ಹಾಕಿಬಿಡು, ಅವರೇ ತಂದು ಬಿಡ್ತಾರೆ" ಅಂತ ಸಲಹೆ ಕೊಟ್ಟವರು ಮೂರು ಜನ.

ಅಮ್ಮ ಬಂದ ಮೇಲೆ ಹೇಳಿದರು. ಫ್ರಾಂಕ್‌ಫರ್ಟ್‌ನಲ್ಲಿ ಗಾಲಿಕುರ್ಚಿಯವರದೇ ಒಂದು ದೊಡ್ಡ ಗುಂಪು ಕಾಯುತ್ತಿತ್ತಂತೆ. ಪಕ್ಕದಲ್ಲಿ ಒಬ್ಬ ತಾತ, ಒಂದು ಕಾಲು ಊರಲು ಆಗುತ್ತಿರಲಿಲ್ಲವಂತೆ, ಕುರ್ಚಿ ತಳ್ಳುವವರು ಬರದೆ ಎಷ್ಟೋ ಹೊತ್ತು ಕೂತಿದ್ದರು. ಅಮ್ಮನ ಸರದಿ ಮೊದಲು ಬಂತು. "ನಾನು ಎದ್ದು ಅವರಿಗೆ ಕೊಡಿ ಅಂದೆ ಕಣೆ, ಕೈಸನ್ನೆ ಮಾಡಿದೆ. ಆ ಹುಡುಗಿಗೆ ಅರ್ಥ ಆಗಲಿಲ್ಲ, ನನ್ನನ್ನೇ ಒತ್ತಿ ಕೂರಿಸಿದಳು" ಅಂದರು. ಮೊಮ್ಮಗಳಿಗೆ ಎಣ್ಣೆ ಹಚ್ಚುತ್ತಾ ಈ ಮಾತನ್ನು ನಾಲ್ಕು ಸಲ ಹೇಳಿದರು.

ಬಜ್ಪೆ ಟು ದಮಾಮ್

ಬೈಯಲು ಏನೂ ಇಲ್ಲ ಅಕ್ಕ. ಆದರೆ ಇಳಿದ ಮೇಲೆ ಕುರ್ಚಿಯಿಂದ ಎದ್ದು ಪೆಟ್ಟಿಗೆ ಹೊತ್ತು ಓಡುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಮಿಗ್ರೇಷನ್ ಸಾಲು ತಪ್ಪಿತಲ್ಲ, ಕೆಲಸ ಆಯ್ತು.

ಕೌಂಟರ್ ಆಚೆಯವಳು

ಅಮ್ಮನ ಮಗಳೇ, ನಿಮಗೆ ಬೇಕಿದ್ದದ್ದು ಗಾಲಿಕುರ್ಚಿಯೇ ಅಲ್ಲ. ಇದನ್ನು ಯಾರೂ ಹೇಳಿಕೊಡಲ್ಲ. ನಮ್ಮ ಕಂಪ್ಯೂಟರ್‌ನಲ್ಲಿ ಕುರ್ಚಿಗೇ ಮೂರು ಸಂಕೇತ ಇವೆ. ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು ಅಂದರೆ ಡಬ್ಲ್ಯುಸಿಎಚ್‌ಆರ್. ಮೆಟ್ಟಿಲೂ ಆಗಲ್ಲ ಅಂದರೆ ಡಬ್ಲ್ಯುಸಿಎಚ್‌ಎಸ್. ಸೀಟಿನ ತನಕವೂ ಎತ್ತಿಯೇ ಒಯ್ಯಬೇಕು ಅಂದರೆ ಡಬ್ಲ್ಯುಸಿಎಚ್‌ಸಿ. ಇವುಗಳ ಪಕ್ಕ ಇನ್ನೊಂದಿದೆ, ಎಂಎಎಎಸ್. ಭಾಷೆ ಬಾರದವರು, ಒಂಟಿ ವಯಸ್ಸಾದವರು ಇಂಥವರನ್ನು ಎದುರುಗೊಂಡು ಮುಂದಿನ ಗೇಟಿಗೆ ಕರೆದೊಯ್ಯುವ ನೆರವು. ಕುರ್ಚಿ ಬೇಡ. ಟಿಕೆಟ್ ಮಾಡುವಾಗಲೇ ಫೋನ್ ಮಾಡಿ ಕೇಳಬೇಕು. ಎಲ್ಲ ಸಂಸ್ಥೆಯವರೂ ಎಲ್ಲ ಕಡೆಯೂ ಕೊಡಲ್ಲ, ಕೆಲವರು ದುಡ್ಡೂ ತಗೋತಾರೆ. ಆದರೂ ಮೊದಲು ಅದನ್ನು ಕೇಳಿ.

ಕೇಳಿ ಸಿಗದೆ ಕುರ್ಚಿ ಹಾಕಿದರೆ ನಾನಂತೂ ಬೈಯಲ್ಲ. ಜೊತೆಗೆ ಒಂದು ಕಾಗದದ ಮೇಲೆ ಇಂಗ್ಲಿಷ್‌ನಲ್ಲಿ "ನನಗೆ ಕನ್ನಡ ಮಾತ್ರ ಬರುತ್ತದೆ, ಈ ಗೇಟಿಗೆ ಹೋಗಬೇಕು" ಅಂತ ಬರೆದು, ಮಗಳ ಫೋನ್ ನಂಬರ್ ಹಾಕಿ ಕೈಗೆ ಕೊಡಿ. "ನಾನು ನಡೆಯಬಲ್ಲೆ" ಅಂತ ಇನ್ನೊಂದು ಸಾಲೂ ಸೇರಿಸಿ. ಆ ತಾತನಿಗೆ ಅಂದು ಅದೊಂದು ಸಾಲು ಸಾಕಿತ್ತು.

ಅಮ್ಮನ ಮಗಳು, ನ್ಯೂಜೆರ್ಸಿ

ಬರೆದಿಟ್ಟುಕೊಂಡೆ. ವಾಪಸ್ ಹೋಗುವಾಗ ಹೀಗೇ ಮಾಡುತ್ತೇನೆ.

ಸುಮ್ನೆ ಓದುವವನು

ಇಷ್ಟೆಲ್ಲ ಕಾಟ ಕೊಡುವವರಿಗೆ ಶಿಕ್ಷೆ ಏನೂ ಇಲ್ಲವಾ?

ಟ್ರಾಲಿ ತಳ್ಳುವವಳು

ಇದೆ. ವಿಮಾನಯಾನದ ಸರ್ಕಾರಿ ನಿಯಂತ್ರಕ ಸಂಸ್ಥೆ ಡಿಜಿಸಿಎ 2017ರಲ್ಲಿ ಮೂರು ಹಂತ ಮಾಡಿತು. ಬಾಯಿಮಾತಿನ ದಾಂಧಲೆಗೆ ಮೂರು ತಿಂಗಳ ತನಕ ಹಾರಾಟ ನಿಷೇಧ. ಕೈ ಮಾಡಿದರೆ, ಮೈ ಮುಟ್ಟಿದರೆ ಆರು ತಿಂಗಳ ತನಕ. ಜೀವಕ್ಕೆ ಅಪಾಯ ತರುವಂಥದ್ದಕ್ಕೆ ಕನಿಷ್ಠ ಎರಡು ವರ್ಷ. ನಿವೃತ್ತ ಜಿಲ್ಲಾ ನ್ಯಾಯಾಧೀಶರು ಇರುವ ಸಮಿತಿ 30 ದಿನದಲ್ಲಿ ತೀರ್ಮಾನ ಮಾಡಬೇಕು. ಆದರೆ ಚಿಟಿಕೆ ಹೊಡೆದದ್ದಕ್ಕೆ, ಬರಿಗಾಲನ್ನು ಮುಂದಿನವರ ಆರ್ಮ್‌ರೆಸ್ಟ್ ಮೇಲೆ ಇಟ್ಟದ್ದಕ್ಕೆ ಯಾರು ದೂರು ಬರೆಯುತ್ತಾರೆ? ಆ ಪಾದದ ಹೆಬ್ಬೆರಳು ಮೊಣಕೈಗೆ ತಾಗಿದವರು ಒಬ್ಬರು ಕಿರುಚಿದ್ದರು. ಹಾವು ಅಂದುಕೊಂಡರಂತೆ.

ಒಂದು ವಿಷಯ ಮಾತ್ರ ತಮಾಷೆ ಇಲ್ಲದೆ ಹೇಳುತ್ತೇನೆ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಇಳಿಯುವಾಗ ರನ್‌ವೇ ಮೇಲಿದ್ದ ಕರಾವಳಿ ಪಡೆಯ ವಿಮಾನಕ್ಕೆ ಡಿಕ್ಕಿಯಾಯಿತು. ಆ ಸಣ್ಣ ವಿಮಾನದಲ್ಲಿ ಐದು ಜನ ಸತ್ತರು. ದೊಡ್ಡದರಲ್ಲಿದ್ದ 379 ಜನರೂ ಹೊರಗೆ ಬಂದರು, ವಿಮಾನ ಹಿಂದೆ ಉರಿಯುತ್ತಿತ್ತು. ಜನ ಬ್ಯಾಗ್ ಬಿಟ್ಟು ಇಳಿದದ್ದು ದೊಡ್ಡ ಕಾರಣ ಅಂತ ನಮ್ಮ ತರಬೇತಿಯಲ್ಲಿ ಹೇಳುತ್ತಾರೆ. ಅರ್ಧದಷ್ಟು ಬಾಗಿಲು ಮುಚ್ಚಿದ್ದರೂ 90 ಸೆಕೆಂಡಿನಲ್ಲಿ ಎಲ್ಲರೂ ಇಳಿಯಬಹುದು ಅಂತ ತೋರಿಸಿದ ಮೇಲೆಯೇ ವಿಮಾನಕ್ಕೆ ಒಪ್ಪಿಗೆ ಸಿಗುತ್ತದೆ. ನೆಲ ತಾಗಿದ ಕೂಡಲೇ ಬಿನ್ ಕಡೆ ಕೈ ಚಾಚುವವರನ್ನು ನೋಡಿದಾಗಲೆಲ್ಲ ನನಗೆ ಆ 90 ಸೆಕೆಂಡ್ ನೆನಪಾಗುತ್ತದೆ.

ಹನ್ನೆರಡು ಎಫ್

ಇದು ಗೊತ್ತಿರಲಿಲ್ಲ. ಮುಂದಿನ ಸಲ ಯಾರಾದರೂ ಎದ್ದರೆ ನಾನೇ ಹೇಳುತ್ತೇನೆ ಕೂರಿ ಅಂತ. ಬೈಸಿಕೊಂಡರೆ ಇಲ್ಲೇ ಬಂದು ಬರೆಯುತ್ತೇನೆ.

ಹುಬ್ಬಳ್ಳಿ ಮಂದಿ

ಎಲ್ಲಾ ಕಿರಿಕಿರಿನೇ ಆಯ್ತು. ಒಂದು ಬೇರೆ ಹೇಳತೀನಿ. ಹೋದ ವರ್ಷ ಶಿವಮೊಗ್ಗಕ್ಕೆ ಹೋಗುವ ವಿಮಾನದಲ್ಲಿ ಪಕ್ಕದಲ್ಲಿ ಒಬ್ಬ ಅಜ್ಜಿ. ಮೊದಲ ಹಾರಾಟ. ಮೇಲೇರುವಾಗ ಕೇಳದೆ ನನ್ನ ಮುಂಗೈ ಹಿಡಿದರು, ಬಳೆ ಒತ್ತಿ ಗುರುತು ಬಿತ್ತು. ಮೋಡದ ಮೇಲೆ ಬಂದ ಮೇಲೆ ಬಿಟ್ಟು, ಸೆರಗಿನ ಗಂಟಿನಿಂದ ಕೋಡುಬಳೆ ತೆಗೆದು ಕೊಟ್ಟರು. ಆಮೇಲೆ "ಸ್ವಲ್ಪ ಕಿಟಕಿ ತೆಗೀರಿ, ಸೆಕೆ" ಅಂದರು. ತೆಗೆಯೋಕೆ ಬರಲ್ಲ ಅಂದರೆ ನಂಬಲಿಲ್ಲ. ನನಗೇ ತೆಗೆಯೋಕೆ ಗೊತ್ತಿಲ್ಲ ಅಂದುಕೊಂಡರು.

ಅಮ್ಮನ ಮಗಳು, ನ್ಯೂಜೆರ್ಸಿ

@ಕೌಂಟರ್ ಆಚೆಯವಳು, ಇನ್ನೊಂದೇ ಪ್ರಶ್ನೆ. ಮುಂದಿನ ತಿಂಗಳು ಅತ್ತೆ ಬರುತ್ತಿದ್ದಾರೆ. ಹೋಳಿಗೆ, ತುಪ್ಪ ಎರಡೂ ಕೈಚೀಲದಲ್ಲಿ ತರುತ್ತೇನೆ ಅಂತ ಹಟ. ಆಗುತ್ತಾ?

ಕೌಂಟರ್ ಆಚೆಯವಳು

ದಾರಿಯಲ್ಲಿ ತಿನ್ನಲು ಹೋಳಿಗೆ ಇಟ್ಟುಕೊಳ್ಳಲಿ. ಉಳಿದರೆ ಇಳಿದಾಗ ಕಸ್ಟಮ್ಸ್‌ನವರಿಗೆ ಹೇಳಲಿ. ತುಪ್ಪ ದ್ರವದ ಲೆಕ್ಕ, 100 ಮಿ.ಲೀ. ಮೀರಿದರೆ ತಪಾಸಣೆಯಲ್ಲೇ ತೆಗೆದಿಡುತ್ತಾರೆ. ತುಪ್ಪ ನೀವೇ ನ್ಯೂಜೆರ್ಸಿಯ ಅಂಗಡಿಯಲ್ಲಿ ಕೊಂಡು ಇಟ್ಟಿರಿ. ಅತ್ತೆಗೆ ಮಾತ್ರ ಅದು ಅಂಗಡಿಯದು ಅಂತ ಹೇಳಬೇಡಿ.